ಮಾವ ಒಡೆದ ಕಾವಲಿ

ನಮ್ಮ ಸೋದರಮಾವನನ್ನು ಮದುವೆಗೆ ಕರೆದವರು ಯಾರೂ ಎರಡನೇ ಸಲ ಕರೆದಿದ್ದಿಲ್ಲ. ಕುಡಿತವಾ? ಇಲ್ಲ. ಇಸ್ಪೀಟಾ? ಅದೂ ಇಲ್ಲ. ಪಾತ್ರೆ ಕುಟ್ಟುತ್ತಾನೆ, ಅಷ್ಟೇ! ಚಾಮರಾಜನಗರದ ಎರಕದ ಶೆಡ್ಡೊಂದರಲ್ಲಿ ಮೂವತ್ತು ವರ್ಷ ಲೋಹ ಕರಗಿಸಿ ಅಚ್ಚಿಗೆ ಹುಯ್ದವನು. ಯಾರ ಮನೆಗೆ ಹೋದರೂ ಬೆರಳ ಗೆಣ್ಣಿನಿಂದ ಪಾತ್ರೆ ಕುಟ್ಟಿ ಕಿವಿಗೊಡದೆ ಅವನಿಗೆ ಊಟ ಸೇರುವುದಿಲ್ಲ.

‘ಈಗ ಎಲ್ರ ಮನೇಲೂ ಸ್ಟೀಲು. ಮೊದ್ಲೆಲ್ಲ ಕಣ್ಮುಚ್ಕಂಡ್ ಕುಟ್ಟುದ್ರೂ ಯಾರ್ ಮನೆ ಅಂತ ಗೊತ್ತಾಗದು ಕಣ್ಲಾ’ ಎಂದು ಕೊರಗುತ್ತಾನೆ. ಅವನ ಕೊರಗು ಕೇಳಿದರೆ ನನಗೂ ಅಜ್ಜಿ ಮನೆಯ ಕಂಚಿನ ತಟ್ಟೆ ನೆನಪಾಗುತ್ತದೆ.

ಸಂತೆಮರಹಳ್ಳಿಯ ಮದುವೆಯೊಂದರಲ್ಲಿ ಸೀದಾ ಅಡುಗೆಮನೆಗೆ ನುಗ್ಗಿ, ಹುಳಿ ಕುದಿಯುತ್ತಿದ್ದ ಹಿತ್ತಾಳೆ ಕೊಪ್ಪರಿಗೆಯೊಳಗೆ ಬಗ್ಗಿ ನೋಡಿದ. ‘ಕಲಾಯಿನೇ ಇಲ್ವಲ್ರಪ್ಪಾ! ಹುಳಿ ಜೊತೆ ಕಿಲುಬೂ ಉಣ್ಬೇಕಾ?’ ಎಂದು ಕೂಗಿದ. ಅರ್ಧ ಪಂಕ್ತಿ ಎಲೆ ಬಿಟ್ಟು ಎದ್ದಿತು. ಅಡುಗೆಯವರು ಸೌಟು ಹಿಡಿದು ಅಟ್ಟಿಸಿಕೊಂಡು ಬಂದರು. ನಾವು ಹಸಿದುಕೊಂಡೇ ಬಸ್ಸು ಹತ್ತಿದೆವು.

ನನಗೆ ಹೆಣ್ಣು ನೋಡಲು ಗುಂಡ್ಲುಪೇಟೆಗೆ ಹೋದಾಗಲಾದರೂ ಸುಮ್ಮನಿದ್ದನಾ? ಹುಡುಗಿ ಕಾಫಿ ತರುವಷ್ಟರಲ್ಲಿ ದೇವರ ಮನೆಯ ಗಂಟೆ ಬಾರಿಸಿ, ದನಿ ಅಡಗುವ ತನಕ ಕಣ್ಣು ಮುಚ್ಚಿ ನಿಂತಿದ್ದ. ‘ಅಪ್ಪಟ ಕಂಚು! ತವರಾನ ಹದವಾಗಿ ಬೆರೆಸವ್ರೆ. ಒಪ್ಕಂಬುಡ್ಲಾ!’ ಎಂದ. ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಆ ನಗುವಿಗೇ ನಾನು ಒಪ್ಪಿದ್ದು.

ಮದುವೆಯಾದ ಹೊಸದರಲ್ಲಿ ಮಾವ ನಮ್ಮಿಬ್ಬರನ್ನೂ ಉಮ್ಮತ್ತೂರಿನ ತನ್ನ ಮನೆಗೆ ಕರೆದ. ಅತ್ತೆ ಬೀಡು ಕಬ್ಬಿಣದ ಕಾವಲಿಯಲ್ಲಿ ದೋಸೆ ಹುಯ್ಯುತ್ತಿದ್ದಳು. ತೀರಿಹೋದ ಅವಳ ತಾಯಿ ಬಳಸುತ್ತಿದ್ದ ಕಾವಲಿ ಅದು. ಮಾವ ನನ್ನ ಹೆಂಡತಿಗೆ ಪಾಠ ಶುರು ಮಾಡಿದ. ‘ಬೀಡು ಒಂದ್ಸಲ ಕಾವು ಹಿಡುದ್ರೆ ಬುಡಾಕಿಲ್ಲ ಕಣಮ್ಮಿ. ಆದ್ರೆ ಕಾದಿರುವಾಗ ತಣ್ಣೀರ್ ಮಾತ್ರ ಉಯ್ಬಾರ್ದು. ಎಂಗೆ ಅಂದ್ರೆ, ನೋಡು, ಇಂಗೆ!’

ಎಂದವನೇ ಚೊಂಬು ನೀರು ಸುರಿದೇಬಿಟ್ಟ! ಟಪ್ ಎಂದು ಕಾವಲಿ ಎರಡು ಹೋಳು. ಪಾಠವೇನೋ ಚೆನ್ನಾಗಿ ಅರ್ಥವಾಯಿತು.

ಅತ್ತೆ ಕಿರುಚಲಿಲ್ಲ. ‘ನಮ್ಮವ್ವಂದು ಅಂತ ನನ್ತಾವ ಇದ್ದಿದ್ದು ಅದೊಂದೇ’ ಎಂದು ಒಳಗೆ ಹೋದವಳು ಎಂಟು ದಿನ ಮಾವನನ್ನು ಮಾತಾಡಿಸಲಿಲ್ಲ. ಅವನು ಹೊಸ ಕಾವಲಿ ತಂದ. ಅದು ಅಟ್ಟ ಸೇರಿತು. ಕೊನೆಗೆ, ಜೀವಮಾನವಿಡೀ ಬೈದುಕೊಂಡು ಬಂದಿದ್ದ ನಾನ್‌ಸ್ಟಿಕ್ಕನ್ನೂ ತಂದ, ಪಾಪ! ಅತ್ತೆ ತಿರುಗಿಯೂ ನೋಡಲಿಲ್ಲ.

ಒಂಬತ್ತನೇ ದಿನ ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು ತನ್ನ ಹಳೆಯ ಶೆಡ್ಡಿಗೆ ಹೊರಟ. ‘ಇದ್ನೇ ಕರಗ್ಸಿ ಕಾವಲಿ ಉಯ್ಯನ. ಬ್ಯಾರೆ ಚೂರೂ ಸೇರಂಗಿಲ್ಲ’ ಎಂದ.

ಶೆಡ್ಡಿನವನು ತಲೆ ಚಚ್ಚಿಕೊಂಡ. ‘ಕರಗ್ಸಿ ಕಿಟ್ಟ ತಗುದ್ರೆ ಕಮ್ಮಿ ಆಯ್ತದೆ ಕಣಣ್ಣ, ಅಚ್ಚು ತುಂಬಾಕಿಲ್ಲ. ಒಂದಿಡಿ ಬ್ಯಾರೆ ಬೀಡು ಆಕ್ಬುಡನ. ಯಾರ್ಗ್ ಗೊತ್ತಾಯ್ತದೆ?’

‘ನಂಗ್ ಗೊತ್ತಾಯ್ತದಲ್ಲೋ! ಅಚ್ಚನ್ನೇ ಚಿಕ್ಕದ್ ಮಾಡು.’

ಲೋಹ ಕರಗಿದ ಮೇಲೆ ಅದು ತುಂಬಿದ್ದ ಮೂಸೆಯನ್ನು ಮಾವ ಬೇರೆ ಯಾರ ಕೈಗೂ ಕೊಡಲಿಲ್ಲ. ವಯಸ್ಸಾದ ಕೈ, ಮೂಸೆ ವಾಲಿತು. ಒಂದು ಕಿಡಿ ಮುಂಗೈ ಮೇಲೆ ಬಿತ್ತು. ಅವನು ಹುಯ್ಯುವುದನ್ನು ನಿಲ್ಲಿಸಲಿಲ್ಲ.

ನಾಲ್ಕು ಬೆರಳು ಚಿಕ್ಕದಾಗಿದ್ದ ಕಾವಲಿಯನ್ನು ಅತ್ತೆಯ ಮುಂದಿಟ್ಟು, ತಲೆ ತಗ್ಗಿಸಿ, ‘ಪೂರಾ ನಿಮ್ಮವ್ವಂದೇ. ಬ್ಯಾರೇರ್ದು ಒಂದ್ ಚೂರೂ ಇಲ್ಲ’ ಎಂದ.

ಅತ್ತೆ ಕಾವಲಿಯನ್ನು ನೋಡಲೇ ಇಲ್ಲ. ಮಾವನ ಬೊಬ್ಬೆ ಎದ್ದ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟಳು.

‘ಕಾವಲಿ ಆಳಾಗೋಗ್ಲಿ. ಈ ಕೈ ಓಗ್ಬುಟ್ಟಿದ್ರೆ ಯಾವ ಶೆಡ್ನಲ್ಲಿ ಉಯ್ಸ್ಕಂಡ್ ಬರ್ಲಿ ನಾನು?’