ಲಿಫ್ಟಿನಲ್ಲಿ ಗೆದ್ದ ಮ್ಯಾಚು

ಕನ್ನಡಕದಂಗಡಿಯವನು ಆ ಸುಳ್ಳನ್ನು ಹೇಳಿದ್ದು ಲಿಫ್ಟಿನೊಳಗೆ, ಎರಡು ಮಹಡಿಗಳ ನಡುವೆ. ಎದುರುಮನೆಯ ದಂತವೈದ್ಯರು, ಮಗಳು ಶಾಲೆಯ ಓಟದಲ್ಲಿ ಗೆದ್ದ ಕಪ್ಪನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದರು.

"ನಿಮ್ಮ ಮನೆಯವರೂ ಏನೋ ಆಡ್ತಿದ್ರಂತಲ್ಲ? ಏನಾದ್ರೂ ಗೆದ್ದಿದ್ರಾ?"

ಅವನ ಹೆಂಡತಿ ಟೆನಿಸ್ ಆಡಿಯೇ ಹೊಟ್ಟೆ ಹೊರೆದವಳು. ದೇಶದೇಶ ಸುತ್ತಿದ್ದಳು. ಹೆಚ್ಚಿನ ಕಡೆ ಮೊದಲ ಸುತ್ತಿನಲ್ಲೇ ಸೋತು, ಒಗೆದ ಬಟ್ಟೆ ಒಣಗುವ ಮೊದಲೇ ಚೀಲಕ್ಕೆ ತುರುಕಿ ಮುಂದಿನ ಊರಿನ ಬಸ್ಸು ಹತ್ತುತ್ತಿದ್ದಳು. ಒಮ್ಮೆ ಡಬಲ್ಸ್‌ನಲ್ಲಿ ಕಪ್ ಬಂದಿತ್ತು, ಅದೂ ಜೊತೆಗಾರ್ತಿಯ ಮನೆಯಲ್ಲಿತ್ತು. ಭುಜ ಕೈಕೊಟ್ಟ ಮೇಲೆ ಆಟ ಬಿಟ್ಟು ಇವನನ್ನು ಮದುವೆಯಾಗಿ, ಈಗ ಮಕ್ಕಳಿಗೆ ಟೆನಿಸ್ ಕಲಿಸುತ್ತಿದ್ದಳು. ಇಷ್ಟನ್ನೂ ಲಿಫ್ಟಿನಲ್ಲಿ ಹೇಳುವುದು ಹೇಗೆ? ಅಲ್ಲದೆ ಎದುರಿಗೆ ಆ ಕಪ್ಪು ಬೇರೆ ಥಳಥಳ ಹೊಳೆಯುತ್ತಿತ್ತು.

"ಚಾಂಪಿಯನ್ನನ್ನೇ ಸೋಲಿಸಿದ್ಳು ಸಾರ್," ಎಂದುಬಿಟ್ಟ. ಯಾವ ಚಾಂಪಿಯನ್ ಎಂದು ಕೇಳಿದಾಗ, ಟೆನಿಸ್ ಎಂದರೆ ಜಗತ್ತಿಗೆಲ್ಲ ನೆನಪಾಗುವ ಹೆಂಗಸಿನ ಹೆಸರನ್ನೇ ಹೇಳಿದ. ಹೇಳುವುದಾದರೆ ಚಿಕ್ಕದೇಕೆ?

ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದಂತವೈದ್ಯರು ಬಾಗಿಲು ಬಡಿದರು. ಹೆಂಡತಿ ಸ್ನಾನಕ್ಕೆ ಹೋಗಿದ್ದಳು.

"ನಿನ್ನೆ ನನ್ನ ಕುರ್ಚೀಲಿ ಯಾರು ಕೂತಿದ್ರು ಹೇಳಿ? ನಿಮ್ಮ ಚಾಂಪಿಯನ್ನು! ಯಾವುದೋ ಅಂಗಡಿ ತೆರೆಯೋಕೆ ಬಂದೋರಿಗೆ ದವಡೆಹಲ್ಲು ನೋವು ಶುರುವಾಗಿದೆ. ನಿಮ್ಮನ್ನ ಸೋಲಿಸಿದೋರು ನಮ್ಮ ಎದುರುಮನೇಲೇ ಇದಾರೆ ಅಂದೆ. ಸಂಜೆ ಬರ್ತಾರೆ!"

"ಬರ್ತೀನಿ ಅಂತ ಅವರೇ ಅಂದ್ರಾ?"

"ಬಾಯ್ತುಂಬ ಹತ್ತಿ ಇತ್ತಲ್ಲ, ಊಂ ಊಂ ಅಂದ್ರು. ಆ ಭಾಷೆ ನಂಗೆ ಚೆನ್ನಾಗಿ ಬರತ್ತೆ. ಕಟ್ಟಡದವರಿಗೆಲ್ಲ ಹೇಳಿಯಾಯ್ತು. ನಿಮ್ಮ ಮನೆಯವರಿಗೆ ಮಾತ್ರ ಹೇಳ್ಬೇಡಿ, ಖುಷಿಯಾಗ್ಲಿ."

ಸಂಜೆಯೊಳಗೆ ಹೆಂಡತಿಯನ್ನು ಹೇಗಾದರೂ ಮನೆಯಿಂದ ಸಾಗಿಸಬೇಕೆಂದು ಕನ್ನಡಕದಂಗಡಿಯವನು ತೀರ್ಮಾನಿಸಿದ. ಮಧ್ಯಾಹ್ನ ಊಟ ಮುಗಿಯುತ್ತಲೇ, "ಸಿನಿಮಾಕ್ಕೆ ಹೋಗೋಣ್ವೇನೇ?" ಎಂದ.

ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಮತ್ತೆ ಏನಾಯ್ತು ನಿಮಗೆ?"

ಆದರೂ ಹೊರಟಳು, ಹೊರಡುವಷ್ಟರಲ್ಲಿ ಸಂಜೆಯಾಗಿತ್ತು. ಲಿಫ್ಟು ಬೇಡವೆಂದು ಅವಳನ್ನು ಮೆಟ್ಟಿಲ ಮೇಲೆ ಕಳ್ಳಬೆಕ್ಕಿನಂತೆ ಇಳಿಸಿಕೊಂಡು ಬಂದ. ಗೇಟಿನ ಹತ್ತಿರ ದಂತವೈದ್ಯರ ಹೆಂಡತಿ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಎಲ್ಲಿಗೆ ಅಕ್ಕಾ? ಇವತ್ತು ನಿಮ್ಮನ್ನ ಬಿಡೋರುಂಟೇ?" ಎನ್ನುತ್ತ ಕಾರು ನಿಲ್ಲಿಸುವ ಜಾಗಕ್ಕೆ ಎಳೆದೊಯ್ದಳು. ಅಲ್ಲಿ ಕುರ್ಚಿ ಹಾಕಿ ಕಟ್ಟಡದವರನ್ನೆಲ್ಲ ಕೂರಿಸಿ, ಮೈಕು ನಿಲ್ಲಿಸಿ, ಹಲ್ಲಿನ ಪೇಸ್ಟಿನ ಹಳೇ ಬ್ಯಾನರನ್ನು ತಿರುವಿ ಕಟ್ಟಿದ್ದರು. ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ, 'ಚಾಂಪಿಯನ್ನನ್ನು ಮಣಿಸಿದ ನಮ್ಮ ಹೆಮ್ಮೆಯ ನೆರೆಮನೆಯವರು' ಎಂದಿತ್ತು.

ಹೆಂಡತಿ ಓದಿದಳು. ಮುಖದ ಬಣ್ಣ ಇಳಿಯಿತು.

"ಇದನ್ನ ಯಾರು ಹೇಳಿದ್ದು?"

"ಈ ಡಾಕ್ಟ್ರಿಗೆ ತಲೆ ಸರಿಯಿಲ್ಲ ಕಣೆ."

"ರೀ."

"ನಾನೇ," ಎಂದ ನೆಲ ನೋಡುತ್ತ. "ಏನು ಗೆದ್ದಿದ್ರು ಅಂತ ಕೇಳಿದ್ರು. ಏನು ಹೇಳ್ಲಿ?"

"ನಾನು ಆಡಿದ್ದು ಹೇಳ್ಕೊಳ್ಳೋ ಹಾಗೆ ಇರ್ಲಿಲ್ವಾ?"

ಅವಳ ದನಿಯಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಸಿಟ್ಟಿರಲಿಲ್ಲ. ಒಳಗೊಳಗೇ ಕುಗ್ಗಿಹೋಗಿ, "ಆ ಚಾಂಪಿಯನ್ನೂ ಈಗ ಇಲ್ಲಿಗೇ ಬರ್ತಾರಂತೆ," ಎಂದ.

"ಅವಳು ಈಗ ನನ್ನ ಬಗ್ಗೆ ಏನಂದ್ಕೋತಾಳೆ?" ಎಂದಳು ಹೆಂಡತಿ, ತನಗೆ ತಾನೇ.

ಅಷ್ಟರಲ್ಲಿ ಕಾರು ಬಂತು. ಒಂದು ಕೆನ್ನೆ ಊದಿಸಿಕೊಂಡ ಚಾಂಪಿಯನ್ ಇಳಿದು, ನಗದೆ, ನೇರವಾಗಿ ಅವನ ಹೆಂಡತಿಯನ್ನೇ ನೋಡಿದಳು. ಆ ನೋಟ ಕಂಡದ್ದೇ ಕನ್ನಡಕದಂಗಡಿಯವನಿಗೆ ಎಲ್ಲಿಲ್ಲದ ಧೈರ್ಯ ಬಂತು. ದಂತವೈದ್ಯರ ಕೈಯಿಂದ ಮೈಕು ಕಿತ್ತುಕೊಂಡ.

"ಎಲ್ಲರೂ ಕ್ಷಮಿಸ್ಬೇಕು. ಅದು ಸುಳ್ಳು. ನಾನೇ ಕಟ್ಟಿದ್ದು. ನನ್ನ ಹೆಂಡತಿ ಇವರನ್ನ ಯಾವತ್ತೂ ಸೋಲಿಸಿಲ್ಲ!"

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅಪರೂಪಕ್ಕೆ ಸತ್ಯ ಹೇಳಹೊರಟವನಿಗೆ ಎಲ್ಲಿ ನಿಲ್ಲಿಸಬೇಕೋ ತಿಳಿಯಲಿಲ್ಲ. "ಇವರನ್ನ ಅಂತಲ್ಲ, ಅವಳು ಹೆಚ್ಚಾಗಿ ಯಾರನ್ನೂ ಸೋಲಿಸಿಲ್ಲ! ಮೊದಲ ಸುತ್ತಲ್ಲೇ ಸೋಲ್ತಿದ್ಳು! ಇರೋ ಒಂದು ಕಪ್ಪೂ ನಮ್ಮನೇಲಿಲ್ಲ!"

ಹೆಂಡತಿ ಕಿವಿಯವರೆಗೂ ಕೆಂಪಾಗಿ ತಲೆ ತಗ್ಗಿಸಿದಳು. ಚಾಂಪಿಯನ್ ಬಂದು ಮೈಕು ತೆಗೆದುಕೊಂಡಳು.

"ಸೋಲಿಸಿದ್ಳು," ಎಂದಳು, ಒಂದೇ ಕಡೆಯ ಬಾಯಲ್ಲಿ. "ಒಂದು ಫೈನಲ್ಲಿನ ಹಿಂದಿನ ದಿನ ಅಭ್ಯಾಸಕ್ಕೆ ಯಾರೂ ಸಿಗದೆ ಇವಳನ್ನ ಕರೆದಿದ್ದೆ. ಎರಡೂ ಸೆಟ್ ಸೋತೆ. ಗೇಟು ಹಾಕಿತ್ತು, ಯಾರೂ ನೋಡ್ಲಿಲ್ಲ. ಪೇಪರಿನವರಿಗೆ ಗೊತ್ತಾದ್ರೆ ನನ್ನ ಕತೆ ಮುಗೀತು, ಯಾರಿಗೂ ಹೇಳ್ಬೇಡ ಅಂತ ಕೈ ಹಿಡ್ಕೊಂಡೆ. ಮಾತು ಕೊಟ್ಟಿದ್ಳು. ನಿನ್ನೆ ಡಾಕ್ಟ್ರು ಹೇಳಿದಾಗ, ಗಂಡನ ಹತ್ರ ಬಾಯಿಬಿಟ್ಟಿದಾಳೆ ಅಂತ ಸಿಟ್ಟು ಬಂತು. ಕೇಳೋಣ ಅಂತಲೇ ಬಂದೆ."

"ನಾನು ಹೇಳ್ಲಿಲ್ಲ ಕಣೆ," ಎಂದಳು ಹೆಂಡತಿ.

"ನಿನ್ನ ಗಂಡನ ಮುಖ ನೋಡಿದ್ರೇ ಗೊತ್ತಾಗತ್ತೆ." ಚಾಂಪಿಯನ್ ಊದಿದ ಕೆನ್ನೆ ಹಿಡಿದುಕೊಂಡೇ ಅವಳನ್ನು ತಬ್ಬಿಕೊಂಡಳು.

ಚಪ್ಪಾಳೆ ಮುಗಿಲು ಮುಟ್ಟಿತು. ಕನ್ನಡಕದಂಗಡಿಯವನೂ ತಟ್ಟಲು ಕೈಯೆತ್ತಿದ. ಆಗಲೇ ದಂತವೈದ್ಯರು ಅವನತ್ತ ತಿರುಗಿದರು.

"ಎಂಥ ಮನುಷ್ಯರು ರೀ ನೀವು! ನನ್ನೊಬ್ಬನ ಹತ್ರ ನಿಜ ಹೇಳಿ, ಇಷ್ಟು ಜನರ ಮುಂದೆ ಸುಳ್ಳು ಹೇಳಿದ್ರಲ್ಲ!"

"ಹೆಂಡತಿಗೆ ಹೆಸರು ಬರೋದನ್ನ ಸಹಿಸಕ್ಕಾಗ್ಲಿಲ್ಲ," ಎಂದಳು ಅವರ ಹೆಂಡತಿ. ಹಿಂದಿನ ಸಾಲಿನವರೂ ಹೌದೆಂದು ತಲೆಯಾಡಿಸಿದರು. ಲಿಫ್ಟಿನಲ್ಲಿ ಅವನು ಹೇಳಿದ್ದು ಸುಳ್ಳು, ಅದು ನಿಜವಾಗಿತ್ತು. ಈಗ ಹೇಳಿದ್ದು ನಿಜ, ಅದು ಸುಳ್ಳಾಗಿತ್ತು. ಇದನ್ನು ಬಿಡಿಸಿ ಹೇಳುವಷ್ಟು ಅವನ ಮಾತಿಗೆ ಇನ್ನು ಬೆಲೆ ಉಳಿದಿರಲಿಲ್ಲ.

ಜನ ಕರಗಿದ ಮೇಲೆ ಇಬ್ಬರು ಹೆಂಗಸರೂ ಮೂಲೆಯ ಕುರ್ಚಿಗಳಲ್ಲಿ ಕೂತು ಮಾತಾಡುತ್ತಿದ್ದರು. ಅವನು ಎರಡು ಲೋಟ ಚಹಾ ಹಿಡಿದು ಹೋದ. ಹೆಂಡತಿ ಗಾಳಿಯಲ್ಲಿ ಕೈಬೀಸಿ ಯಾವುದೋ ಹೊಡೆತ ತೋರಿಸುತ್ತಿದ್ದಳು. ಇಂಥ ಮುಖದಲ್ಲಿ ಅವಳನ್ನು ಅವನು ನೋಡಿರಲೇ ಇಲ್ಲ.

"ನಂಗೂ ಹೇಳೇ," ಎಂದ ಮೆಲ್ಲಗೆ, "ಆ ಆಟ ಹೇಗಾಯ್ತು?"

ಅವಳು ಲೋಟ ತೆಗೆದುಕೊಂಡಳು.

"ಮದುವೆಯಾದಾಗಿಂದ ಒಂದು ಆಟದ ಬಗ್ಗೆಯಾದ್ರೂ ಕೇಳಿದೀರಾ? ಗೆದ್ದಿದ್ದನ್ನ ಹೇಳಲ್ಲ ಅಂತ ಇವಳಿಗೆ ಮಾತು ಕೊಟ್ಟಿದ್ದೆ. ಸೋತಿದ್ದನ್ನ ಹೇಳ್ಬಾರ್ದು ಅಂತ ಯಾರಿಗೂ ಮಾತು ಕೊಟ್ಟಿರ್ಲಿಲ್ಲ."

ಅವನಿಗೆ ಕೂರೆಂದು ಯಾರೂ ಹೇಳಲಿಲ್ಲ. ಉಳಿದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದ.