ಕಿರಣಕ್ಕೆ ಜಗ್ಗದ ಕ್ರಿಮಿ

ವಿಜ್ಞಾನದ ಮೇಷ್ಟ್ರು ಪಠ್ಯಪುಸ್ತಕ ಬಿಟ್ಟು ಬಾಯಿ ತೆರೆದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಐವತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಅಂಥ ಮೇಷ್ಟ್ರಾಗಿದ್ದೆ. ಅಮೆರಿಕದಲ್ಲಿ ಡಬ್ಬಿಯ ಮಾಂಸ ಕೆಡದಿರಲೆಂದು ಎಕ್ಸ್‌ರೇ ಜಾತಿಯ ಪ್ರಬಲ ಕಿರಣ ಹಾಯಿಸಿದರೂ ಒಂದು ಕ್ರಿಮಿ ಸಾಯದೆ ಉಳಿಯಿತಂತೆ ಎಂದು ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಓದಿದೆ. ಓದಿ ಸುಮ್ಮನಿರಬೇಕಿತ್ತು.

ಪಾಠ

ಇದನ್ನು ಮಕ್ಕಳಿಗೆ ಹೇಳುತ್ತೇನೆಂದಾಗ ಮಡಿವಂತ ಹೆಡ್‌ಮಾಸ್ಟರು ಬೆಚ್ಚಿದರು.

"ಮಾಂಸ ಗೀಂಸ ಅನ್ನಬೇಡ್ರೀ. ಹಪ್ಪಳ ಅನ್ನಿ."

"ಹಪ್ಪಳಕ್ಕೆ ಯಾರು ಸಾರ್ ಕಿರಣ ಹಾಯಿಸ್ತಾರೆ?"

"ಯಾಕ್ರೀ, ನಮ್ಮನೇಲಿ ಬಿಸಿಲಿಗೆ ಹಾಕಲ್ವೇ? ಸೂರ್ಯನದು ಕಿರಣ ಅಲ್ವೇ?"

ಹಪ್ಪಳವೆಂದೇ ಪಾಠ ಮಾಡಿದೆ. ಆ ವರ್ಷ ಪರೀಕ್ಷೆಯಲ್ಲಿ ಇಡೀ ತರಗತಿ, ಅಮೆರಿಕದವರ ಮುಖ್ಯ ಆಹಾರ ಹಪ್ಪಳ ಎಂದು ಬರೆಯಿತು.

ರಿಪೇರಿ

ಸೊರಬದಲ್ಲಿ ಭಾಷಣಕ್ಕೆ ಕರೆದರು. "ಕಿರಣ ತಾಗಿ ಒಳಗೆಲ್ಲ ಜಖಂ ಆದರೂ ಆ ಕ್ರಿಮಿ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವಂತೆ ಕಾಣುತ್ತದೆ. ಹೇಗೆ ಅಂತ ಇನ್ನೂ ಯಾರಿಗೂ ತಿಳಿದಿಲ್ಲ" ಎಂದೆ. ಸೈಕಲ್ ಶಾಪಿನ ಸಾಹೇಬರು ಎದ್ದು ನಿಂತರು.

"ಪಂಪು, ಸ್ಪಾನರು ಏನೂ ಇಲ್ದೆ?"

"ಏನೂ ಇಲ್ಲದೆ."

"ಅಂಗಡಿಗೂ ಹೋಗಲ್ವಾ?"

"ಹೋಗಲ್ಲ."

ಸಾಹೇಬರು ಸಭೆಯ ಕಡೆ ತಿರುಗಿ ಕೈಮುಗಿದರು. "ಅಂಥದ್ದನ್ನ ಯಾರೂ ಊರೊಳಗೆ ಬಿಟ್ಕೋಬೇಡ್ರಪ್ಪಾ!"

ಎಕ್ಸ್‌ರೇ

ಆ ಸಭೆಯಲ್ಲಿದ್ದ ಹೊಸಬಾಳೆಯ ಗೌಡರೊಬ್ಬರಿಗೆ ಎರಡು ತಿಂಗಳಿಂದ ಕೆಮ್ಮು. ಶಿವಮೊಗ್ಗಕ್ಕೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ ಎಂದು ಡಾಕ್ಟರು ಹೇಳಿದರೆ ಸುತಾರಾಂ ಒಪ್ಪಲಿಲ್ಲ. "ಕಿರಣ ಬಿಟ್ಟರೆ ನಾನು ಸಾಯ್ತೀನಿ, ಕ್ರಿಮಿ ಉಳಿತದೆ. ಮೇಷ್ಟ್ರೇ ಹೇಳಿದಾರೆ!"

ಅವರ ಹೆಂಡತಿ ನಮ್ಮ ಮನೆಗೇ ಬಂದು ಅತ್ತರು. "ನೀವೇ ಹೆದರಿಸಿದ್ದು, ನೀವೇ ಕರ್ಕೊಂಡು ಹೋಗಿ."

ಕ್ಷಯ ಗಿಯ ಇದ್ದು, ನನ್ನ ಭಾಷಣದಿಂದ ಚಿಕಿತ್ಸೆ ತಡವಾದರೆ? ಬಸ್ಸಿನಲ್ಲಿ ಉದ್ದಕ್ಕೂ ಸಮಾಧಾನ ಹೇಳುತ್ತ ಕರೆದೊಯ್ದೆ. ಗೌಡರು ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಯಂತ್ರದ ಮುಂದೆ ನಿಂತರು. ಎದೆಯಲ್ಲಿ ದೋಷವೇನಿಲ್ಲ, ಬೀಡಿ ಬಿಡಿ ಎಂದರು ಅಲ್ಲಿಯ ಡಾಕ್ಟರು. ನನಗೆ ಹೋದ ಜೀವ ಬಂದಂತಾಯಿತು.

ಹೊರಗೆ ಬಂದ ಗೌಡರು ಮೈ ತಡವಿಕೊಂಡು ನೋಡಿದರು.

"ಮೇಷ್ಟ್ರೇ, ಕಿರಣ ನನ್ನ ಮೈಯೊಳಗೆ ಹಾದುಹೋಯ್ತಲ್ವಾ?"

"ಹೌದು."

"ನಾನೂ ಸಾಯಲಿಲ್ಲ."

"ಇಲ್ಲ."

"ಮತ್ತೆ ಆ ಕ್ರಿಮಿದೇನ್ರೀ ಹೆಚ್ಚುಗಾರಿಕೆ? ಅದರ ಮೇಲೆ ಒಂದೂವರೆ ಗಂಟೆ ಮಾತಾಡಿದ್ರಿ. ನನ್ನ ಮೇಲೆ ಯಾವಾಗ ಮಾತಾಡ್ತೀರಿ?"

ತಪ್ಪಿಸಿಕೊಳ್ಳಲಾಗಲಿಲ್ಲ. ಮುಂದಿನ ಭಾನುವಾರ ಹೊಸಬಾಳೆಯಲ್ಲಿ ಭಾಷಣ ಮಾಡಿದೆ. ಗೌಡರು ಕಿರಣ ಹಾಯ್ದ ಎದೆ ಕಾಣುವಂತೆ ಅಂಗಿ ಬಿಚ್ಚಿ ಅಧ್ಯಕ್ಷತೆ ವಹಿಸಿದ್ದರು.