ಸಾಹೇಬ್ರ ಸಾಕ್ಷಿ ಪುಸ್ತಕ

ನಾ ಸುಳ್ಳು ಹೇಳಿದಾಗೆಲ್ಲಾ ಮಂದಿ ಲಗೂನ ನಂಬ್ತಾರ, ಖರೇ ಹೇಳಿದಾಗಷ್ಟ ಸಾಕ್ಷಿ ಕೇಳ್ತಾರ. ತಿಂಗಳಿಗೆ ಎರಡು ಸಲ ಆದ್ರೂ ಇದು ಆಗೂದ. ಹಿಂದೊಮ್ಮೆ ಸುಮ್ಮನ "ನಳಾ ಬಂತು!" ಅಂತ ಒದರಿ, ದೇಶಪಾಂಡೆ ನಗರದ ನಮ್ಮ ಓಣಿ ಪೂರಾ ಕೊಡಾ ಹಿಡಕೊಂಡು ಓಡಿ ಬರೂವಂಗ ಮಾಡಿದ್ದೆ. ಹತ್ತನೇ ಕ್ಲಾಸ್ ಫೇಲಾಗಿ ಮನ್ಯಾಗ ಕುಂತಾವಗ ಬ್ಯಾರೆ ಏನ್ ಕೆಲಸ? ಅಂಥಾ ನನ್ನ ಕೈಯಾಗ ನಮ್ಮವ್ವ ಮ್ಯಾಲಿನ ಮನಿ ಬಾಡಿಗಿ ಸಾಹೇಬ್ರನ್ನ ಕೊಟ್ಟಳು. "ನಿನಗ ಹಿಂದಿ ಬರ್ತೈತಲ್ಲ, ಅವರಿಗೆ ಕನ್ನಡ ಕಲಸು."

ಸಾಹೇಬ್ರು ಒಡಿಶಾದಾವ್ರು, ಬ್ಯಾಂಕಿನ್ಯಾಗ ಹೊಸಾ ಆಫೀಸರ್. ಎರಡು ತಿಂಗಳಾಗ ಧಾರವಾಡದ ದೊಡ್ಡ ಆಫೀಸಿನ್ಯಾಗ ಕನ್ನಡ ಮಾತಾಡಿ ಪಾಸಾಗಬೇಕು, ಇಲ್ಲಂದ್ರ ನೌಕರಿ ಕಾಯಂ ಆಗಾಂಗಿಲ್ಲ. ಆದ್ರ ಮೊದಲನೇ ದಿನಾನ ಯಾರೋ ಅವರಿಗೆ ನಳದ ಕಥಿ ಹೇಳಿಬಿಟ್ಟಿದ್ರು. ಅದಕ್ಕ ನೋಟ್‌ಬುಕ್ಕಿನ್ಯಾಗ ನಡು ಗೆರಿ ಹೊಡದ್ರು. ಎಡಕ್ಕ ನಾ ಹೇಳಿದ್ದು, ಬಲಕ್ಕ 'ಸಾಕ್ಷಿ'.

೧. ಏಳು ಹೋಳಿಗಿ

"ಯಾರರ ಏನರ ಕೊಟ್ರ ಮೊದಲನೇ ಸಲ ಬ್ಯಾಡ್ರಿ ಅನ್ರಿ. ಎರಡನೇ ಸಲಾನೂ ಬ್ಯಾಡ್ರಿ. ಮೂರನೇ ಸಲ ತಗೋರಿ" ಅಂತ ಕಲಿಸಿದೆ.

ಸಾಹೇಬ್ರು ಕಣ್ಣು ಸಣ್ಣ ಮಾಡಿದ್ರು. "ನಾ ಉಪಾಸ ಸಾಯಬೇಕು, ನೀ ನಗಬೇಕು. ಹೌದಲ್ಲ?"

ಪರೀಕ್ಷಾ ಮಾಡಾಕ ಎದುರಿನ ಮನಿ ಕಾಳಿನ ವ್ಯಾಪಾರಿ ಕಾಕಾರ ಕಡೆ ಹೋದ್ರು. ಅವತ್ತ ಅಲ್ಲಿ ಹೋಳಿಗಿ. ಕಾಕಾರ ಹೆಂಡ್ತಿ ಕಾಕು, "ಹಾಕಲ್ರಿ?" ಇವರು, "ಹೂಂ." "ಇನ್ನೊಂದು?" "ಹೂಂ." ಕೇಳೂದು ಕಾಕುನ ಧರ್ಮ, ಹೂಂ ಅನ್ನೂದು ಇವರ ಹಟ. ಏಳನೇ ಹೋಳಿಗಿಗೆ ಕಾಕು ಹೊರಗ ಬಂದು ನಮ್ಮ ಮನಿ ಕಡೆ ಮಾರಿ ಮಾಡಿ ಒದರಿದ್ಲು: "ಏನ್ರಿ, ಬಾಡಿಗಿಯವರಿಗೆ ಒಲಿ ಹಚ್ಚಾಕರ ಬಿಡ್ತೀರೋ ಇಲ್ಲೋ?"

ಸಂಜಿಮುಂದ ಮೆಟ್ಟಲ ಹತ್ತಲಾರದ ಕೆಳಗ ಕುಂತು ಸಾಹೇಬ್ರು ಬರದ್ರು. ಸಾಕ್ಷಿ: ಹೊಟ್ಟಿ.

೨. ದಿನಕ್ಕೊಂದು ಊರು

ಓಣಿ ಮೂಲ್ಯಾಗ ಗ್ಯಾರೇಜಿನ ಚಾಚಾ ದಿನಾ ಮುಂಜಾನೆ ಕೇಳ್ತಿದ್ದ, "ಸಾಹೇಬ್ರ, ನಾಷ್ಟಾ ಆತ್ರಿ? ದೂರ ಹೊಂಟ್ರಿ?"

ಸಾಹೇಬ್ರಿಗೆ ಗುಮಾನಿ. "ನಾ ಮನ್ಯಾಗ ಯಾವಾಗ ಇರಾಂಗಿಲ್ಲ ಅಂತ ಇವಗ್ಯಾಕ ಬೇಕು?"

"ಅದು ನಮಸ್ಕಾರ ಇದ್ದಂಗ್ರಿ. 'ಇಲ್ಲೇ' ಅಂತ ಕೈ ಮಾಡಿ ಹೋಗ್ರಿ."

"ಇಲ್ಲೇ ಅನ್ನೂದು ಒಂದು ಊರೇನ?"

ನನ್ನ ನಂಬಲಿಲ್ಲ. ಚಾಚಾನ ದಾರಿ ತಪ್ಪಸಾಕ ದಿನಾ ಒಂದು ಸುಳ್ಳು ಹೇಳಾಕ ಹತ್ತಿದ್ರು. ಸೋಮವಾರ ಲಕಮನಹಳ್ಳಿ, ಮಂಗಳವಾರ ಗದಗ, ಬುಧವಾರ ಬೆಳಗಾವಿ. ಗುರುವಾರ ಚಾಚಾ ನನ್ನ ಕೊಳ್ಳಪಟ್ಟಿ ಹಿಡದು ಬಾಜೂಕ ಎಳದ. "ಲೇ ಬೇಟಾ, ಇಂವ ಖರೇನ ಬ್ಯಾಂಕಿನಾವ ಏನು? ನಿಮ್ಮವ್ವಗ ಹೇಳು, ಮದಲ ಕೀಲಿ ಬದಲಿ ಮಾಡಸ್ರಿ!"

೩. ಆಯಿ ಗಂಡ

ನಮ್ಮಪ್ಪನ ಅವ್ವ, ಅಂದ್ರ ನಮ್ಮ ಆಯಿ. ಅಕಿ ಫಾರ್ಮಿನ್ಯಾಗ ಏನೋ ತಪ್ಪು ಇತ್ತಂತ ಬ್ಯಾಂಕಿಗೆ ಕರಕೊಂಡು ಹೋದೆ. ಸಾಹೇಬ್ರು ಕೇಳಿದ್ರು, "ಗಂಡನ ಹೆಸರು ಹೇಳ್ರಿ."

ಆಯಿ ಸೆರಗು ಬಾಯಿಗೆ ಅಡ್ಡ ಹಿಡದು ನೆಲಾ ನೋಡಿದ್ಲು. ಮತ್ತ ಕೇಳಿದ್ರು. ಆಯಿ ನನ್ನ ಚೂಟಿ, "ನೀ ಹೇಳಲೇ" ಅಂದ್ಲು.

"ನೀ ಸುಮ್ಮನಿರು. ಐವತ್ತು ವರ್ಷ ಸಂಸಾರ ಮಾಡಿದಾಕಿಗೆ ಗಂಡನ ಹೆಸರು ಗೊತ್ತಿಲ್ಲೇನ? ಈಕಿ ನಿನ್ನ ಆಯಿ ಹೌದೋ, ಇಲ್ಲಾ ಯಾರದರ ಆಯಿನ್ನ ಕರಕೊಂಡು ಬಂದೀಯೋ?"

"ಗಂಡನ ಹೆಸರು ಸುಮ್ಮಸುಮ್ಮನ ಹೇಳಾಂಗಿಲ್ರಿ. ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರಾಗ ಸೇರಿಸಿ ಹೇಳ್ತಾರ."

ಸಾಹೇಬ್ರು ನಾ ಮತ್ತ 'ನಳಾ ಬಂತು' ಅಂದಂಗ ನೋಡಿದ್ರು. ಹಿಂದ ಮಂದಿ ಪಾಳಿ ಬೆಳದು ಬಾಗಲಾ ಮುಟ್ಟಿತು. ಆಯಿಗೆ ಸಿಟ್ಟು ಬಂತು, ಸೆರಗು ಬಿಟ್ಟು ದನಿ ತಗದ್ಲು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಬೇಕು ತಾಜಾ,
ಮಲ್ಲಪ್ಪನವರೇ ನಮ್ಮ ಮನಿಗೆ ರಾಜಾ!"

ಪಾಳಿ ಪೂರಾ ಚಪ್ಪಾಳಿ ಹೊಡೀತು. ಫಾರ್ಮು ವಾಪಸ್ ಕೊಟ್ಟಾಗ ನೋಡಿದ್ರ, ಗಂಡನ ಹೆಸರಿನ ಜಾಗಾದಾಗ ಸಾಹೇಬ್ರು ರೊಟ್ಟಿ ಬೆಣ್ಣಿ ಸಮೇತ ಬರದಿದ್ರು.

೪. ಧಾರವಾಡದಾಗ

ಆ ದಿನದಿಂದ ನನ್ನ ಮ್ಯಾಲ ಭರೋಸಾ ಬಂತು. "ಮತ್ಯಾರ ಹೆಸರು ನೇರ ಹೇಳಬಾರದು?" ಅಂತ ಕೇಳಿದ್ರು. "ದೊಡ್ಡವರದು ಹೇಳಬಾರದ್ರಿ" ಅಂದೆ. ಸಾಕ್ಷಿ ಕೇಳದ ಬರಕೊಂಡ್ರು. ನನಗ ಆವಾಗ ಗುಮಾನಿ ಬರಬೇಕಿತ್ತು.

ಪರೀಕ್ಷಾಕ್ಕ ನನ್ನೂ ಕರಕೊಂಡು ಹೋದ್ರು, "ಫೇಲಾದ್ರ ಬೈಯಾಕ ಒಬ್ಬಾವ ಬೇಕಲ್ಲ" ಅಂತ. ಒಳಗ ಒಬ್ರು ಮೇಡಂ, ಅವರ ಬಾಜೂಕ ಸಾಹೇಬ್ರ ಬ್ರಾಂಚಿನ ಮ್ಯಾನೇಜರ್, ದಪ್ಪ ಮೀಸಿಯವ್ರು. ನಾ ಬಾಗಲದಾಗ. ಊರು, ಕೆಲಸ, ಊಟ, ಎಲ್ಲಾ ಛಲೋ ಹೇಳಿದ್ರು.

"ನಿಮ್ಮ ಮ್ಯಾನೇಜರ್ ಹೆಸರು?" ಅಂದ್ರು ಮೇಡಂ.

ಸಾಹೇಬ್ರು ತಲಿ ಬಗ್ಗಿಸಿದ್ರು. ಕರವಸ್ತ್ರ ತಗದು ಬಾಯಿಗೆ ಅಡ್ಡ ಹಿಡದ್ರು.

"ಗಿರಮಿಟ್ಟಿಗೆ ಬೇಕು ಹಸಿಮೆಣಸಿನ ಖಾರ,
ಶಿವಪ್ಪನವರೇ ನಮ್ಮ ಸರದಾರ!"

ಮ್ಯಾನೇಜರ್ ಮಾರಿ ಕಿವಿತನಕ ಕೆಂಪಾತು. ಮೇಡಂ ಚಷ್ಮಾ ತಗದು ಕಣ್ಣು ಒರಸಿಕೊಂಡ್ರು. "ಮದುವಿ ಯಾವಾಗ ಆತ್ರಿ ನಿಮ್ಮಿಬ್ಬರದು?" ಅಂತ ನಕ್ಕೋತ ಸಹಿ ಹಾಕಿ ಕಾಗದಾ ಮುಂದ ಹಿಡದ್ರು. "ಪಾಸ್. ತಗೋರಿ."

ಸಾಹೇಬ್ರು ಕೈ ಮುಗದು, "ಬ್ಯಾಡ್ರಿ."

ಮೇಡಂ ನಗೂದು ನಿಂತಿತು. "ಅಲ್ರಿ, ತಗೋರಿ."

"ಬ್ಯಾಡ್ರಿ."

ಮೇಡಂ ಹುಬ್ಬು ಗಂಟು ಹಾಕಿ ಕಾಗದಾ ತಿರುಗಿ ಮೇಜಿನ ಡ್ರಾದಾಗ ಇಡಾಕ ಹೋದ್ರು. ನೌಕರಿ ಡ್ರಾದೊಳಗ ಹೊಂಟೈತಿ. ನಾ ಒದರಿದ್ರೂ ಯಾರು ನಂಬ್ತಾರ? ಅಷ್ಟರಾಗ ಮ್ಯಾನೇಜರ್ ಎದ್ದು ನಿಂತ್ರು. ಇಲ್ಲಿಯವರ ಅವರು, ರೀತಿ ಗೊತ್ತಿತ್ತು. ಮೀಸಿ ತಿರುವಿ ಅಂದ್ರು:

"ಮೇಡಂ, ಇನ್ನೊಂದ ಸಲ ಕೇಳಿಬಿಡ್ರಿ. ಮೂರನೇ ಸಲಕ್ಕ ತಗೋತಾರ ನಮ್ಮ ಮನಿಯವ್ರು!"